ಹಳೇ ಶೂಟರ್ ಗೇಮ್‌ಗಳಲ್ಲಿ ಬುಲೆಟ್ ಮಿಣುಕೋದು, ಗೇಮ್ ಸ್ಲೋ ಆಗೋದು: ಎಮ್ಯುಲೇಟರಲ್ಲಿ ಸರಿ ಮಾಡ್ಕೋಬೇಕಾ, ಹಾಗೇ ಬಿಡ್ಬೇಕಾ?

ದಾವಣಗೆರೆ_8ಬಿಟ್

ಎಲ್ರಿಗೂ ನಮಸ್ಕಾರ. ಕೆಲ ದಿನದಿಂದ ಲ್ಯಾಪ್‌ಟಾಪಲ್ಲಿ ಮೆಸೆನ್ ಎಮ್ಯುಲೇಟರ್ (ಹಳೇ ಗೇಮ್ ಮಿಷನ್ನಿನ ಹಾಗೇ ನಡ್ಕೊಳ್ಳೋ ಸಾಫ್ಟ್‌ವೇರ್) ಹಾಕ್ಕೊಂಡು ನಿಂಟೆಂಡೋದ ಟಿವಿ ಗೇಮ್ ಮಿಷನ್ ಎನ್‌ಇಎಸ್ ಕಾಲದ ಶೂಟರ್ ಗೇಮ್‌ಗಳನ್ನ ಒಂದೊಂದಾಗಿ ಆಡ್ತಾ ಇದೀನಿ, ಗ್ಯಾಲಗಾ ಆಯ್ತು, 1942 ಆಯ್ತು, ಸ್ಟಾರ್ ಫೋರ್ಸ್ ಆಯ್ತು, ಈಗ ಗ್ರೇಡಿಯಸ್ ಹಿಡ್ಕೊಂಡಿದೀನಿ. ಗೇಮ್ ತುಂಬಾ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮೊದಲನೇ ಸ್ಟೇಜ್ ಕೊನೇಲಿ ಎರಡು ಜ್ವಾಲಾಮುಖಿ ಬಂದು ಕಲ್ಲು ಕಾರೋಕೆ ಶುರು ಮಾಡ್ತವಲ್ಲ, ಅಲ್ಲಿ ಆ ಕಲ್ಲು, ನನ್ನ ಬುಲೆಟ್, ಹಿಂದೆ ಬರೋ ಆಪ್ಷನ್ (ಹಡಗಿನ ಜೊತೆ ತಾನೂ ಗುಂಡು ಹಾರಿಸೋ ಗೋಲಿ) ಎಲ್ಲಾ ಮಿಣಮಿಣ ಅಂತ ಮಾಯ ಆಗಿ ಮತ್ತೆ ಬರುತ್ತೆ. ಮೂರನೇ ಸ್ಟೇಜಲ್ಲಿ ಮೋಆಯ್ ಅನ್ನೋ ಕಲ್ಲಿನ ತಲೆಗಳು ಬಾಯಿಂದ ಉಂಗುರ ಉಗುಳೋ ಜಾಗದಲ್ಲಂತೂ ಇಡೀ ಗೇಮೇ ನಿಧಾನ ಆಗ್ಬಿಡುತ್ತೆ, ಎರಡು ಮೂರು ತಲೆ ಒಡೆದು ಹಾಕಿದ ಮೇಲೆ ತಟ್ ಅಂತ ಮತ್ತೆ ಸ್ಪೀಡ್ ಹಿಡಿಯುತ್ತೆ.

ಸೆಟಿಂಗ್ಸ್ ತಡಕಾಡಿದಾಗ ಎರಡು ಆಯ್ಕೆ ಸಿಕ್ತು. ಒಂದು ಸ್ಪ್ರೈಟ್ (ಪರದೆ ಮೇಲೆ ಓಡಾಡೋ ಸಣ್ಣ ಚಿತ್ರ) ಲಿಮಿಟ್ ತೆಗೆಯೋದು, ಇನ್ನೊಂದು ಓವರ್‌ಕ್ಲಾಕ್, ಅಂದ್ರೆ ಲೆಕ್ಕ ಮಾಡೋ ಚಿಪ್ಪಿಗೆ ಹೆಚ್ಚು ಸಮಯ ಕೊಡೋದು. ನನ್ನ ಫ್ರೆಂಡ್ ಒಬ್ಬ ಹೇಳ್ತಾನೆ ಅವೆರಡೂ ಹಳೇ ಮಿಷನ್ನಿನ ದೋಷ, ಆನ್ ಮಾಡ್ಕೊಂಡ್ರೆ ಗೇಮ್ ಮಾಡಿದವರು ಅಂದ್ಕೊಂಡ ಹಾಗೆ ಓಡುತ್ತೆ ಅಂತ. ನಂಗೆ ಯಾಕೋ ಪೂರ್ತಿ ಒಪ್ಪಿಗೆ ಆಗ್ತಿಲ್ಲ, ಯಾಕಂದ್ರೆ ಆ ಮೋಆಯ್ ಜಾಗದಲ್ಲಿ ಸ್ಲೋ ಆಗೋದ್ರಿಂದಲೇ ನಾನು ಪಾರಾಗ್ತಾ ಇರೋದು ಅನ್ಸುತ್ತೆ. ಇದು ಬಗ್ಗಾ, ಇಲ್ಲ ಬೇಕಂತಲೇ ಇಟ್ಟಿರೋದಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಇನ್ನೊಂದು, ಚಿಕ್ಕವನಿದ್ದಾಗ ನಮ್ಮನೇಲಿದ್ದ ಟಿವಿ ಗೇಮಲ್ಲಿ (ಕ್ಯಾಸೆಟ್ ಹಾಕೋದು) ಕಾಂಟ್ರಾ ಮ್ಯೂಸಿಕ್ ಇಷ್ಟು ಫಾಸ್ಟ್ ಇರ್ಲಿಲ್ಲ ಅಂತ ಬಲವಾದ ನೆನಪು. ಅದು ನನ್ನ ಭ್ರಮೆನಾ?

ಸ್ಕ್ಯಾನ್‌ಲೈನ್

ಒಳ್ಳೇ ಪ್ರಶ್ನೆ ಗುರು. ಮೊದ್ಲು ಒಂದು ವಿಷಯ ಬೇರೆ ಬೇರೆ ಮಾಡ್ಕೊಳ್ಳಿ. ಮಿಣುಕೋದಕ್ಕೂ ಸ್ಲೋ ಆಗೋದಕ್ಕೂ ಕಾರಣ ಒಂದೇ ಅಲ್ಲ, ಒಂದು ಚಿತ್ರ ಬಿಡಿಸೋ ಚಿಪ್ಪಿನ ಸಮಸ್ಯೆ, ಇನ್ನೊಂದು ಲೆಕ್ಕ ಮಾಡೋ ಚಿಪ್ಪಿನ ಸಮಸ್ಯೆ. ಎರಡೂ ಒಂದೇ ಜಾಗದಲ್ಲಿ ಬರೋದ್ರಿಂದ ಜನ ಒಂದೇ ಅಂದ್ಕೋತಾರೆ.

ಎನ್‌ಇಎಸ್ ಒಳಗಿರೋ ಪಿಪಿಯು, ಅಂದ್ರೆ ಚಿತ್ರದ ಚಿಪ್, ಒಂದು ಸಲಕ್ಕೆ ಒಟ್ಟು 64 ಸ್ಪ್ರೈಟ್ ಇಟ್ಕೊಳ್ಳುತ್ತೆ. ಒಂದೊಂದೂ 8x8 ಅಥವಾ 8x16 ಚುಕ್ಕಿ ಅಷ್ಟೇ, ಹಾಗಾಗಿ ನಿಮ್ಮ ಹಡಗೊಂದೇ ಎರಡು ಮೂರು ಸ್ಪ್ರೈಟ್ ತಿನ್ನುತ್ತೆ. ಇಷ್ಟಾದ್ರೆ ಪರವಾಗಿಲ್ಲ, ಅಸಲಿ ಕಟ್ಟುಪಾಡು ಇರೋದು ಅಡ್ಡಗೆರೆಯಲ್ಲಿ. ಟಿವಿ ಪರದೆ ಮೇಲಿಂದ ಕೆಳಗೆ ಗೆರೆ ಗೆರೆಯಾಗಿ ಬರೆಯುತ್ತಲ್ಲ, ಆ ಒಂದು ಗೆರೆ ಮೇಲೆ ಎಂಟೇ ಸ್ಪ್ರೈಟ್ ಕೂರೋಕೆ ಜಾಗ. ಎಂಟು ಸೀಟಿನ ಟೆಂಪೋ ಇದ್ದಂಗೆ, ಒಂಬತ್ತನೆಯವ್ನು ರೋಡಲ್ಲೇ ಉಳೀತಾನೆ. ಗ್ರೇಡಿಯಸಲ್ಲಿ ನೀವು ಅಡ್ಡಡ್ಡ ಹಾರ್ತೀರಿ, ಬುಲೆಟ್ ಕೂಡ ಅಡ್ಡ ಹೋಗುತ್ತೆ, ಆಪ್ಷನ್ ಕೂಡ ಪಕ್ಕದಲ್ಲೇ ಇರುತ್ತೆ, ಅಂದ್ಮೇಲೆ ಎಲ್ಲಾ ಒಂದೇ ಗೆರೆಗೆ ಬಂದು ಬೀಳುತ್ತೆ. ಅದಕ್ಕೇ ಅಡ್ಡ ಹೋಗೋ ಶೂಟರ್‌ಗಳಲ್ಲಿ ಮಿಣುಕೋದು ಜಾಸ್ತಿ.

ಈಗ ಮುಖ್ಯವಾದ ಮಾತು. ಒಂಬತ್ತನೇ ಸ್ಪ್ರೈಟ್ ಕಾಣಲ್ಲ ಅಷ್ಟೇ, ಅದು ಇಲ್ಲ ಅಂತ ಅಲ್ಲ. ಢಿಕ್ಕಿ ಹೊಡೀತಾ ಇಲ್ವಾ ಅಂತ ನೋಡೋದು ಲೆಕ್ಕದ ಚಿಪ್ಪು, ಅಂದ್ರೆ ಸಿಪಿಯು, ಅದಕ್ಕೆ ಪರದೆ ಮೇಲೆ ಕಂಡಿದ್ಯೋ ಇಲ್ವೋ ಗೊತ್ತೇ ಇಲ್ಲ. ಅಂದ್ರೆ ಕಾಣದೇ ಇರೋ ಬುಲೆಟ್ ಕೂಡ ನಿಮ್ಮನ್ನ ಸಾಯಿಸುತ್ತೆ. ಏನೂ ಮಾಡದೆ ಬಿಟ್ಟಿದ್ರೆ ಯಾವಾಗ್ಲೂ ಅದೇ ಬುಲೆಟ್ ಮಾಯ ಆಗಿರ್ತಿತ್ತು, ಆಡೋನು ಏನಕ್ಕೆ ಸತ್ತೆ ಅಂತ ಗೊತ್ತಾಗದೆ ರಿಮೋಟ್ ಬಿಸಾಕ್ತಿದ್ದ. ಹಾಗಾಗಿ ಪ್ರೋಗ್ರಾಮ್ ಬರೆಯೋರು ಪ್ರತಿ ಫ್ರೇಮಿಗೂ (ಪರದೆ ಒಂದು ಸಲ ಪೂರ್ತಿ ಬರೆಯೋದಕ್ಕೆ ಒಂದು ಫ್ರೇಮ್) ಸ್ಪ್ರೈಟ್ ಪಟ್ಟಿಯ ಕ್ರಮ ತಿರುಗಿಸ್ತಾ ಬಂದ್ರು, ಈ ಸಲ ಇವನು ಹೊರಗೆ, ಮುಂದಿನ ಸಲ ಅವನು ಹೊರಗೆ. ಸೆಕೆಂಡಿಗೆ 60 ಫ್ರೇಮ್ ಓಡೋದ್ರಿಂದ ಎಲ್ಲಾ ಅರೆಬರೆ ಕಾಣುತ್ತೆ, ಯಾವುದೂ ಪೂರ್ತಿ ಮಾಯ ಆಗಲ್ಲ. ನೀವು ನೋಡ್ತಿರೋ ಮಿಣುಕು ಅದೇ. ನಿಮ್ಮ ಫ್ರೆಂಡ್ ಅದನ್ನ ದೋಷ ಅಂದ್ರು, ನಾನಂತೂ ಅದನ್ನ ಆಟಗಾರನ ಮೇಲಿನ ಕಾಳಜಿ ಅಂತೀನಿ.

ಸ್ಲೋ ಆಗೋದರ ಕಥೆ ಬೇರೆ. ಸಿಪಿಯು ಓಡೋದು 1.79 ಮೆಗಾಹರ್ಟ್ಸಲ್ಲಿ, ಒಂದು ಫ್ರೇಮಿಗೆ ಸುಮಾರು 29,780 ಸೈಕಲ್ (ಚಿಪ್ಪಿನ ಒಂದೊಂದು ಬಡಿತ) ಸಿಗುತ್ತೆ. ಅಷ್ಟರೊಳಗೆ ಬಟನ್ ಓದಬೇಕು, ಎಲ್ಲರನ್ನೂ ಸರಿಸಬೇಕು, ಯಾರು ಯಾರಿಗೆ ತಾಗಿದ್ರು ನೋಡ್ಬೇಕು, ಮ್ಯೂಸಿಕ್ ನುಡಿಸ್ಬೇಕು. ಹತ್ತು ಬುಲೆಟ್ಟು ಹತ್ತು ಶತ್ರು ಇದ್ರೆ ತಾಗಿತಾ ಅಂತ ನೂರು ಸಲ ಹೋಲಿಸ್ಬೇಕು, ಆ ಚಿಪ್ಪಿಗೆ ಗುಣಾಕಾರ ಮಾಡೋ ಆದೇಶ ಕೂಡ ಇಲ್ಲ. ಕೆಲಸ ಮುಗೀಲಿಲ್ಲ ಅಂದ್ರೆ ಆ ಫ್ರೇಮ್ ತಪ್ಪುತ್ತೆ, ಮುಂದಿನದಕ್ಕೆ ಕಾಯ್ಬೇಕು, ಹಾಗಾಗಿ 60 ಇದ್ದದ್ದು ಒಂದೇ ಏಟಿಗೆ 30 ಆಗ್ಬಿಡುತ್ತೆ. ನೀವು ಹೇಳಿದ ತಟ್ ಅನ್ನೋದು ಇದೇ, ಮೆಲ್ಲಗೆ ಇಳಿದು ಮೆಲ್ಲಗೆ ಏರೋದಲ್ಲ, ಪೂರ್ತಿ ಅರ್ಧ ಅಥವಾ ಪೂರ್ತಿ ಫುಲ್.

ಸ್ಪ್ರೈಟ್ ಲಿಮಿಟ್ ತೆಗೆದ್ರೆ ಮಿಣುಕು ಹೋಗುತ್ತೆ, ಓವರ್‌ಕ್ಲಾಕ್ ಮಾಡಿದ್ರೆ ಸ್ಲೋ ಆಗೋದು ಹೋಗುತ್ತೆ. ಬೇಕಾ ಬೇಡ್ವಾ ಅನ್ನೋದನ್ನ ಬೇರೆಯವರೂ ಹೇಳ್ಲಿ. ನನ್ನ ಮಟ್ಟಿಗೆ ಮೊದಲ ಸಲ ಮುಗಿಸೋವರೆಗೂ ಎರಡನ್ನೂ ಮುಟ್ಟಬಾರ್ದು.

ನಾಣ್ಯ_ಹಾಕಿ_ಆಡಿ

ಮೇಲಿನವರು ಮಿಷನ್ನಿನ ಒಳಗಿಂದ ಹೇಳಿದ್ರು, ನಾನು ಆರ್ಕೇಡ್, ಅಂದ್ರೆ ನಾಣ್ಯ ಹಾಕಿ ಆಡೋ ಮಿಷನ್ನಿನ ಕಡೆಯಿಂದ ಹೇಳ್ತೀನಿ. ಈ ಪ್ರಶ್ನೆಗೆ ಉತ್ತರ 1978ರಲ್ಲೇ ಇದೆ. ಸ್ಪೇಸ್ ಇನ್ವೇಡರ್ಸ್.

ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ಅದನ್ನ ಮಾಡಿದ್ದು, ಗೇಮ್ ಮಾತ್ರ ಅಲ್ಲ ಬೋರ್ಡ್ ಕೂಡ ಅವರೇ ಕೂಡಿಸಿದ್ದು. ಒಳಗಿದ್ದದ್ದು ಇಂಟೆಲ್ 8080, 2 ಮೆಗಾಹರ್ಟ್ಸ್. ಸ್ಪ್ರೈಟ್ ಹಾರ್ಡ್‌ವೇರ್ ಅಂತ ಏನೂ ಇಲ್ಲ, ಪ್ರತಿ ಚುಕ್ಕಿನೂ ಸಿಪಿಯು ತಾನೇ ಮೆಮೊರಿಗೆ ಬರೀಬೇಕು. 11 ಕಾಲಂ 5 ಸಾಲು, ಒಟ್ಟು 55 ಇನ್ವೇಡರ್. ಎಲ್ಲರನ್ನೂ ಒಟ್ಟಿಗೆ ಸರಿಸೋಕೆ ಆಗಲ್ಲ ಅಂತ ಫ್ರೇಮಿಗೆ ಒಂದೇ ಒಂದು ಇನ್ವೇಡರನ್ನ ಸರಿಸ್ತಾರೆ. 55 ಇದ್ದಾಗ ಇಡೀ ಪಡೆ ಒಂದು ಹೆಜ್ಜೆ ಹಾಕೋಕೆ 55 ಫ್ರೇಮ್ ಬೇಕು, ಹೆಚ್ಚುಕಮ್ಮಿ ಒಂದು ಸೆಕೆಂಡ್. ನೀವು ಹೊಡೀತಾ ಹೋದ ಹಾಗೆ ಉಳಿದವರ ಸರದಿ ಬೇಗ ಬೇಗ ಬರುತ್ತೆ. 10 ಉಳಿದ್ರೆ 10 ಫ್ರೇಮಿಗೊಂದು ಹೆಜ್ಜೆ. ಒಂದೇ ಉಳಿದಾಗ ಪ್ರತಿ ಫ್ರೇಮೂ ಅದೇ ಓಡುತ್ತೆ, ಆ ಕೊನೇದನ್ನ ಹೊಡೆಯೋಕೆ ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು. ಸೂಕ್ಷ್ಮವಾಗಿ ನೋಡಿ, ಪಡೆ ಸರಿಯುವಾಗ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಲೆ ಹೋದ ಹಾಗೆ ಕಾಣುತ್ತೆ, ಅದು ಚಂದಕ್ಕೆ ಮಾಡಿದ್ದಲ್ಲ, ಒಬ್ಬೊಬ್ಬರನ್ನೇ ಸರಿಸ್ತಿರೋದು ನಮ್ಮ ಕಣ್ಣಿಗೆ ಬೀಳ್ತಿರೋದು.

ನಿಶಿಕಾಡೊ ಇದನ್ನ ನೋಡಿ ತಿದ್ದೋಕೆ ಹೋಗ್ಲಿಲ್ಲ. ಹೀಗಿದ್ರೇ ರೋಮಾಂಚನ ಜಾಸ್ತಿ ಅಂತ ಹಾಗೇ ಬಿಟ್ರು. ಕೆಳಗೆ ಬಡಿಯೋ ನಾಲ್ಕು ಸ್ವರದ ಡಂ ಡಂ ಡಂ ಡಂ ಕೂಡ ಪಡೆ ಕಮ್ಮಿ ಆದಂಗೆ ಏರುತ್ತೆ. ಹೋಗ್ತಾ ಹೋಗ್ತಾ ಕಷ್ಟ ಆಗೋದು ಅನ್ನೋ ಕಲ್ಪನೆ ಇವತ್ತು ಎಲ್ಲಾ ಗೇಮಲ್ಲೂ ಇದೆ, ಆದ್ರೆ ಇಲ್ಲಿ ಅದು ಬಂದಿದ್ದು ಒಂದು ಬಡಪಾಯಿ ಸಿಪಿಯು ಹಗುರಾಗೋದ್ರಿಂದ. ಇವತ್ತು ಯಾರಾದ್ರೂ ಆ ಗೇಮನ್ನ ವೇಗದ ಮಿಷನ್ನಲ್ಲಿ "ಸರಿಮಾಡಿ" ಬರೆದ್ರೆ, 55 ಜನಾನೂ ಒಂದೇ ಸ್ಪೀಡಲ್ಲಿ ಬರ್ತಾರೆ, ಗೇಮ್ ಸತ್ತು ಹೋಗುತ್ತೆ. ಹೊಸಬರು ಪ್ರಾಕ್ಟೀಸಿಗೆ ಅಂತ ಸ್ಪೇಸ್ ಇನ್ವೇಡರ್ಸ್ ಬರೆಯೋವಾಗ ತಪ್ಪೋದು ಇಲ್ಲೇ, ಸ್ಪೀಡನ್ನ ಆಮೇಲೆ ಕೈಯಿಂದ ಹಾಕ್ಬೇಕಾಗುತ್ತೆ.

ಇನ್ನೊಂದು ಕಟ್ಟುಪಾಡು ಯಾರೂ ಗಮನಿಸಲ್ಲ, ಗುಂಡಿನ ಲೆಕ್ಕ. ಸ್ಪೇಸ್ ಇನ್ವೇಡರ್ಸಲ್ಲೂ 1979ರ ಗ್ಯಾಲಕ್ಸಿಯನಲ್ಲೂ ನಿಮ್ಮದು ಪರದೆ ಮೇಲೆ ಒಂದೇ ಗುಂಡು. ಗುರಿ ತಪ್ಪಿದ್ರೆ ಅದು ಮೇಲೆ ಹೋಗಿ ಮಾಯ ಆಗೋವರೆಗೂ ನೀವು ಬರಿಗೈ. 1981ರ ಗ್ಯಾಲಗಾದಲ್ಲಿ ಎರಡು, ನಿಮ್ಮ ಹಡಗನ್ನ ಬಾಸ್ ಕಿರಣ ಬಿಟ್ಟು ಎಳ್ಕೊಂಡು ಹೋಗಿ ನೀವು ಬಿಡಿಸ್ಕೊಂಡು ಜೋಡಿ ಹಡಗಾದ್ರೆ ನಾಲ್ಕು. ಇದ್ರಿಂದ ಏನಾಗುತ್ತೆ ಅಂದ್ರೆ ಶತ್ರು ಹತ್ತಿರ ಹೋದಷ್ಟೂ ಗುಂಡು ಬೇಗ ತಾಗುತ್ತೆ, ಬೇಗ ತಾಗಿದ್ರೆ ಮುಂದಿನ ಗುಂಡು ಬೇಗ ಸಿಗುತ್ತೆ. ಹತ್ತಿರ ಹೋಗೋದು ಅಪಾಯ, ದೂರ ಇರೋದು ನಿಧಾನ. ಇಡೀ ಶೂಟರ್ ಜಾತಿಯ ಜೀವಾಳ ಇದು, ಮುಂದೆ ಗ್ರೇಡಿಯಸಿಗೂ ಬಂತು.

ನಿಜವಾದ ಬಗ್ ಅಂದ್ರೆ ಏನು ಅಂತ ನೋಡ್ಬೇಕಾದ್ರೆ ಆರ್ಕೇಡ್ ಗ್ಯಾಲಗಾ ನೋಡಿ. ಮೊದಲ ಸ್ಟೇಜಲ್ಲಿ ಎಡಗಡೆ ಕೆಳಗಿನ ಎರಡು ಜೇನುಹುಳದ ಥರದ ಶತ್ರು ಮಾತ್ರ ಉಳಿಸ್ಕೊಂಡು, ಹೊಡೀದೆ, ಸುಮಾರು ಕಾಲು ಗಂಟೆ ತಪ್ಪಿಸ್ಕೊಂಡಿದ್ರೆ ಅವು ಗುಂಡು ಹಾರಿಸೋದೇ ನಿಲ್ಲಿಸ್ತವೆ. ಆಮೇಲೆ ಅವನ್ನ ಹೊಡೆದು ಮುಂದೆ ಹೋದ್ರೆ ಆ ಆಟ ಮುಗಿಯೋವರೆಗೂ ಯಾರೂ ನಿಮ್ಮ ಮೇಲೆ ಗುಂಡು ಹಾರಿಸಲ್ಲ! ಶತ್ರುಗಳ ಗುಂಡಿಗೆ ಮೆಮೊರೀಲಿ ಎಂಟು ಖಾನೆ ಇದೆ, ಪರದೆಯ ಅಂಚಲ್ಲಿ ಹಾರಿಸಿದ ಕೆಲವು ಗುಂಡುಗಳ ಸ್ಥಾನ ಸೊನ್ನೆ ಅಂತ ದಾಖಲಾಗಿ ಆ ಖಾನೆ ಖಾಲಿ ಆಗೋದೇ ಇಲ್ಲ, ಒಂದೊಂದಾಗಿ ಎಂಟೂ ತುಂಬಿ ಹೋಗುತ್ತೆ. ಇದನ್ನ ಯಾರೂ ಬಯಸಿರ್ಲಿಲ್ಲ, ಇದು ಆಟವನ್ನ ಹಾಳೂ ಮಾಡುತ್ತೆ, ಇದು ಬಗ್. ಮೋಆಯ್ ಹತ್ರ ಸ್ಲೋ ಆಗೋದು ಆ ಪಂಕ್ತಿಗೆ ಸೇರಲ್ಲ.

ಹುಬ್ಬಳ್ಳಿ_ಜಾಯ್‌ಸ್ಟಿಕ್

ದಾವಣಗೆರೆ ಅಣ್ಣಾರ, ನಿಮ್ದು ಭ್ರಮೆ ಅಲ್ರೀ. ಕಾಂಟ್ರಾ ಮ್ಯೂಸಿಕ್ ನಮ್ಮ ಮನ್ಯಾಗ ನಿಧಾನನ ಇತ್ತು.

ಜಪಾನ್ ಮತ್ತ ಅಮೆರಿಕಾದಾಗ ಟಿವಿ ಎನ್‌ಟಿಎಸ್‌ಸಿ, ಸೆಕೆಂಡಿಗೆ 60 ಸಲ ಪರದೆ ಬರೀತದ. ನಮ್ಮ ದೇಶದಾಗ ಪಾಲ್, 50 ಸಲ. ಆ ಕಾಲದ ಗೇಮ್ ಎಲ್ಲಾ ಫ್ರೇಮ್ ಲೆಕ್ಕದ ಮ್ಯಾಲೆ ನಡೀತಾವು, ಗಡಿಯಾರ ನೋಡೂದಿಲ್ಲ. ಫ್ರೇಮಿಗೆ ಎರಡು ಚುಕ್ಕಿ ಸರಿ ಅಂದ್ರ ಎರಡ ಸರಿಯೂದು. ಹಂಗಾಗಿ 60ಕ್ಕ ಬರದ ಗೇಮ್ 50ರಾಗ ಹಾಕಿದ್ರ ಆರರಾಗ ಒಂದು ಪಾಲು ನಿಧಾನ ಆಗ್ತದ, ಹಾಡೂ ನಿಧಾನ, ಗುಂಡೂ ನಿಧಾನ, ನೀವೂ ನಿಧಾನ. ನಮ್ಮ ಕಡೆ ಮಾರಿದ್ದು ಹೆಚ್ಚಿನಂಶ ನಿಂಟೆಂಡೋದ ಫ್ಯಾಮಿಕಾಮ್ (ಎನ್‌ಇಎಸ್‌ದ ಜಪಾನಿ ರೂಪ) ನೋಡಿ ಮಾಡಿದ ಕ್ಲೋನ್ ಮಷೀನು, ಪಾಲ್ ಟಿವಿಗೆ ಹೊಂದೂಹಂಗ ಮಾಡಿದ್ವು. ನಾವು ಕಲ್ತ ಟೈಮಿಂಗ್ ಎಲ್ಲಾ ಆ 50ರದ್ದು. ಅದಕ್ಕ ಈಗ ಎಮ್ಯುಲೇಟರ್‌ದಾಗ ಕುಂತ್ರ ಕೈ ತಪ್ಪತೈತಿ, ಕೈ ಮರ್ತಿಲ್ಲ, ಗೇಮ ಬ್ಯಾರೆ ಸ್ಪೀಡಿನ್ಯಾಗ ಐತಿ.

ಆ ಕ್ಯಾಸೆಟ್‌ದಾಗ ಮ್ಯಾಲೆ ನೂರಾರು ಗೇಮ್ ಅಂತ ಬರದಿರ್ತಿತ್ತು, ಒಳಗ ಅವ ಅವ ತಿರುಗಿ ಬರ್ತಿದ್ವು, ಆದ್ರ ಅದರಾಗ ಭಾರಿ ಗೇಮ್ ಇದ್ವು ನೋಡ್ರಿ. ಗ್ಯಾಲಕ್ಸಿಯನ್, 1942, ಬಿ ವಿಂಗ್ಸ್, ಮತ್ತ ನಾವು ಬರೇ ಟ್ಯಾಂಕ್ ಅಂತಿದ್ವೆಲ್ಲ ಬ್ಯಾಟಲ್ ಸಿಟಿ, ನಾಮ್ಕೊ ಕಂಪನಿದು, 1985ರದು. ಗುಂಡಿನ ಲೆಕ್ಕದ ಬಗ್ಗೆ ನಾಣ್ಯ ಅವರು ಬರದಾರಲ್ಲ, ಅದು ಟ್ಯಾಂಕ್‌ನ್ಯಾಗ ಅಗದೀ ಛಂದ ಕಾಣತೈತಿ. ಶುರುವಿಗೆ ಒಂದ ಗುಂಡು. ಒಂದು ನಕ್ಷತ್ರ ತಗೊಂಡ್ರ ಗುಂಡು ಜೋರು, ಎರಡು ತಗೊಂಡ್ರ ಒಮ್ಮೆಲೆ ಎರಡು ಗುಂಡು, ಮೂರು ತಗೊಂಡ್ರ ಬಿಳಿ ಉಕ್ಕಿನ ಗ್ವಾಡಿನೂ ಒಡೀತದ. ದೂರದ ಗ್ವಾಡಿಗೆ ಹೊಡದ್ರ ಠಕ್... ಠಕ್... ಅಂತ ಬರ್ತದ, ಇಟ್ಟಂಗಿಗೆ ಮೂತಿ ಹಚ್ಚಿ ಹೊಡದ್ರ ಟಕಟಕಟಕ ಅಂತ ತೂತು. ಓಣಿ ಹುಡುಗರಿಗೆಲ್ಲ ಇದು ಗೊತ್ತಿತ್ತು, ಯಾರೂ ಹೇಳಿಕೊಟ್ಟಿರ್ಲಿಲ್ಲ. ನಮ್ಮ ತಮ್ಮ ನಾವು ಕಾಯಬೇಕಾದ ಹದ್ದಿನ ಸುತ್ತ ಇಟ್ಟಂಗಿ ಒಡದು ತಾನ ಗುಂಡು ಹೊಡೀತಿದ್ದ, ಅವಂಗ ಎರಡನೇ ರಿಮೋಟ್ ಕೊಡಾಕ ನನಗ ಧೈರ್ಯ ಇರ್ಲಿಲ್ಲ.

ಕರಾವಳಿ_ಪ್ಲೇಯರ್_2

ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳ್ತೇನೆ. ಸ್ಲೋ ಆಗುವುದನ್ನು ಮುಟ್ಟಬೇಡಿ ಅಂತ ನೀವು ಹೇಳುವುದು ಸರಿ, ಅದನ್ನು ತೆಗೆದರೆ ಆಟದ ಕಷ್ಟ ಬದಲಾಗ್ತದೆ. ಆದ್ರೆ ಮಿಣುಕುವುದನ್ನು ತೆಗೆದರೆ ಆಟದಲ್ಲಿ ಏನೂ ಬದಲಾಗುವುದಿಲ್ಲ ಮಾರಾಯ್ರೆ. ಗುಂಡು ಅಲ್ಲೇ ಇರ್ತದೆ, ತಾಗುವುದೂ ಅಷ್ಟೇ, ಕಣ್ಣಿಗೆ ಸರಿಯಾಗಿ ಕಾಣ್ತದೆ ಅಷ್ಟೇ ವ್ಯತ್ಯಾಸ. ನನಗೆ ಮೈಗ್ರೇನ್ ಉಂಟು, ಮಿಣುಕುವ ಪರದೆ ಹತ್ತು ನಿಮಿಷ ನೋಡಿದ್ರೆ ತಲೆ ಹಿಡಿದುಕೊಂಡು ಕೂತುಕೊಳ್ಳಬೇಕು. ಹಳೇ ಡಬ್ಬಾ ಟಿವಿಯಲ್ಲಿ ನೋಡುವಾಗ ಇಷ್ಟು ಚುಚ್ಚುತ್ತಿರಲಿಲ್ಲ, ಈಗಿನ ದೊಡ್ಡ ಎಲ್‌ಇಡಿಯಲ್ಲಿ ತುಂಬಾ ಜೋರು ಕಾಣ್ತದೆ. ಹಾಗಾಗಿ ಯಾರಿಗಾದ್ರೂ ಕಣ್ಣಿನ ತೊಂದರೆ ಇದ್ದರೆ ಧಾರಾಳವಾಗಿ ಸ್ಪ್ರೈಟ್ ಲಿಮಿಟ್ ತೆಗೆಯಿರಿ, ಮೂಲದ ಹಾಗೆ ಆಡಬೇಕು ಎನ್ನುವ ಹಟಕ್ಕೆ ಆರೋಗ್ಯ ಕೊಡಬೇಡಿ.

ಇನ್ನು ಎಲ್‌ಇಡಿ ಟಿವಿಗೆ ಕನೆಕ್ಟ್ ಮಾಡಿ ಆಡುವವರು ಮೊದಲು ಟಿವಿಯ ಗೇಮ್ ಮೋಡ್ ಆನ್ ಮಾಡಿ. ಟಿವಿ ಚಿತ್ರವನ್ನು ಚಂದ ಮಾಡ್ಲಿಕ್ಕೆ ಅಂತ ಸಮಯ ತಗೊಳ್ತದೆ, ನೀವು ಬಟನ್ ಒತ್ತಿದ್ದು ಕೆಲವು ಫ್ರೇಮ್ ತಡವಾಗಿ ಕಾಣ್ತದೆ, ಶೂಟರ್‌ಗಳಲ್ಲಿ ಅದೇ ಸಾಯಲಿಕ್ಕೆ ಸಾಕು. ಡಕ್ ಹಂಟ್ ಗನ್ ಹೊಸ ಟಿವಿಯಲ್ಲಿ ಕೆಲಸ ಮಾಡದಿರುವುದಕ್ಕೂ ಹೆಚ್ಚು ಕಡಿಮೆ ಇದೇ ಕಾರಣ. ಟ್ರಿಗರ್ ಒತ್ತಿದ ಕೂಡಲೇ ಗೇಮ್ ಪರದೆಯನ್ನು ಒಂದು ಫ್ರೇಮ್ ಕಪ್ಪು ಮಾಡಿ, ಮತ್ತೆ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ತೋರಿಸ್ತದೆ. ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದರ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕು ಬಂತಾ ಅಂತ ನೋಡುವುದು. ಬೆಳಕು ಆ ಫ್ರೇಮಲ್ಲೇ ಬರಬೇಕು, ಎಲ್‌ಇಡಿ ತಡ ಮಾಡಿದ್ರೆ ಗುರಿ ಎಷ್ಟೇ ಸರಿ ಇದ್ದರೂ ತಪ್ಪಿದ ಹಾಗೆಯೇ.

ಸ್ಕ್ಯಾನ್‌ಲೈನ್

ಕರಾವಳಿ ಅವರ ಮಾತು ಒಪ್ತೀನಿ, ಕಣ್ಣಿಗೆ ತೊಂದ್ರೆ ಇದ್ರೆ ತೆಗೀಲೇಬೇಕು. ಒಂದು ಎಚ್ಚರ ಮಾತ್ರ. ಕೆಲವು ಗೇಮ್‌ಗಳು ಆ ಎಂಟರ ಮಿತಿಯನ್ನ ಬೇಕಂತಲೇ ಬಳಸ್ಕೊಂಡಿವೆ. ಕ್ಯಾಸಲ್‌ವೇನಿಯಾದ ಎರಡನೇ ಭಾಗದಲ್ಲಿ ಹೀರೋ ಕೆಸರಲ್ಲಿ ಮುಳುಗ್ತಾನಲ್ಲ, ಅಲ್ಲಿ ಕೆಸರಿನ ಮಟ್ಟದಲ್ಲಿ ಕಾಣದ ಎಂಟು ಖಾಲಿ ಸ್ಪ್ರೈಟ್ ಇಟ್ಟು ಅವನ ಕಾಲು ಮರೆ ಮಾಡ್ತಾರೆ. ಮಿತಿ ತೆಗೆದ್ರೆ ಅವನು ಕೆಸರಿನ ಮೇಲೆ ನಿಂತಂಗೆ ಕಾಣ್ತಾನೆ. ಮೆಸೆನಲ್ಲಿ ಇಂಥ ಜಾಗ ಬಂದಾಗ ತಾನೇ ಮಿತಿ ವಾಪಸ್ ಹಾಕೋ ಇನ್ನೊಂದು ಟಿಕ್ ಇದೆ, ಅದನ್ನೂ ಹಾಕ್ಕೊಳ್ಳಿ.

ಅಟಾರಿ_ಅಂಗಳ

ಎಲ್ಲಾ ಎನ್‌ಇಎಸ್ ಬಗ್ಗೆನೇ ಮಾತಾಡ್ತಿದೀರಿ, ಎಂಟು ಸ್ಪ್ರೈಟ್ ಕಮ್ಮಿ ಅಂತಿದೀರಿ, ಅದಕ್ಕೇ ಅಟಾರಿ 2600 ಬಗ್ಗೆ ಹೇಳ್ಲೇಬೇಕು ಅನ್ನಿಸ್ತು. ನಾನಿರೋದು ಅಮೆರಿಕಾದಲ್ಲಿ, ಇಲ್ಲಿ ಗ್ಯಾರೇಜ್ ಸೇಲ್‌ಗಳಲ್ಲಿ ಇವು ಇನ್ನೂ ಸಿಗ್ತವೆ, ನನ್ನ ಹತ್ರ ಒಂದಿದೆ, ಮಗಳ ಜೊತೆ ಆಡ್ತೀನಿ.

1977ರ ಮಿಷನ್ ಅದು. ಮೆಮೊರಿ 128 ಬೈಟ್, ಕಿಲೋಬೈಟ್ ಅಲ್ಲ, ಬೈಟ್. ನಾನು ಈಗ ಬರೆದ ಎರಡು ಸಾಲು ಕೂಡ ಅದರಲ್ಲಿ ಹಿಡಿಯಲ್ಲ. ಪರದೆ ನೆನಪಿಟ್ಟುಕೊಳ್ಳೋಕೆ ಜಾಗಾನೇ ಇಲ್ಲ, ಹಾಗಾಗಿ ಟಿವಿ ಪ್ರತಿ ಗೆರೆ ಬರೀತಾ ಇರೋವಾಗಲೇ ಪ್ರೋಗ್ರಾಮ್ ಆ ಗೆರೆಗೆ ಏನು ಬೇಕೋ ಕೊಡ್ತಾ ಹೋಗ್ಬೇಕು, ಗೆರೆಗೆ 76 ಸೈಕಲ್. ಓಡಾಡೋ ವಸ್ತು ಅಂದ್ರೆ ಎರಡು ಆಟಗಾರರ ಚಿತ್ರ, ಎರಡು ಗುಂಡು, ಒಂದು ಚೆಂಡು. ಅಷ್ಟೇ.

ಅಂಥದ್ರಲ್ಲಿ 1980ರಲ್ಲಿ ಸ್ಪೇಸ್ ಇನ್ವೇಡರ್ಸ್ ತಂದ್ರು, ಬರೆದಿದ್ದು ರಿಕ್ ಮಾರರ್. ಹೇಗೆ? ಆ ಚಿಪ್ಪಲ್ಲಿ ಒಂದು ಚಿತ್ರವನ್ನ ಅದೇ ಗೆರೆಯಲ್ಲಿ ಮೂರು ಸಲ ನಕಲು ಮಾಡೋ ಸೌಲಭ್ಯ ಇದೆ. ಎರಡು ಚಿತ್ರ ಮೂರು ಮೂರು ಸಲ, ಆರು. ಅದಕ್ಕೇ ಅಟಾರಿ ಆವೃತ್ತೀಲಿ ಸಾಲಿಗೆ 11 ಅಲ್ಲ, 6 ಇನ್ವೇಡರ್. ಆರು ಸಾಲು, ಒಟ್ಟು 36. ಆರ್ಕೇಡ್ ಗೇಮನ್ನ ಅಧಿಕೃತವಾಗಿ ಲೈಸೆನ್ಸ್ ತಗೊಂಡು ಮನೆಗೆ ತಂದದ್ದು ಇದೇ ಮೊದಲು, ಈ ಒಂದು ಕಾರ್ಟ್ರಿಡ್ಜಿಗೋಸ್ಕರ ಜನ ಮಿಷನ್ ಕೊಂಡ್ರು. ನನ್ನ ಮಗಳು ಆರ್ಕೇಡಿನದ್ದಕ್ಕಿಂತ ಇದನ್ನೇ ಇಷ್ಟಪಡ್ತಾಳೆ, ಬಣ್ಣ ಇದೆ ಅಂತ.

ಆದ್ರೆ ನನ್ನ ಪ್ರಕಾರ ಆ ಮಿಷನ್ನಿನ ನಿಜವಾದ ರತ್ನ ರಿವರ್ ರೇಡ್, 1982, ಆಕ್ಟಿವಿಷನ್, ಬರೆದಿದ್ದು ಕ್ಯಾರಲ್ ಶಾ. ನದಿ ಮೇಲೆ ಜೆಟ್ ಹಾರಿಸ್ಕೊಂಡು ಹೋಗೋದು, ದಡಕ್ಕೆ ತಾಗಬಾರದು, ಸೇತುವೆ ಒಡೆದ್ರೆ ಮುಂದಿನ ಭಾಗ. ಇಡೀ ಗೇಮ್ 4 ಕಿಲೋಬೈಟ್. ಅಷ್ಟುದ್ದ ನದಿಯ ನಕ್ಷೆ ಇಡೋಕೆ ಅದರಲ್ಲಿ ಜಾಗ ಎಲ್ಲಿ ಬರ್ಬೇಕು? ಹಾಗಾಗಿ ನಕ್ಷೆ ಇಟ್ಟೇ ಇಲ್ಲ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟಿಸೋ ಸಣ್ಣ ಸೂತ್ರ ಇದೆ, ನದಿ ಎಲ್ಲಿ ಅಗಲ ಎಲ್ಲಿ ಕಿರಿದು, ದ್ವೀಪ ಎಲ್ಲಿ, ಹಡಗು ಎಲ್ಲಿ ಎಲ್ಲಾ ಅದರಿಂದ ಬರುತ್ತೆ. ಶುರುವಿನ ಸಂಖ್ಯೆ ಯಾವಾಗ್ಲೂ ಒಂದೇ, ಹಾಗಾಗಿ ನದಿ ಪ್ರತಿ ಸಲ ಅದೇ, ಆಡಿ ಆಡಿ ಬಾಯಿಪಾಠ ಮಾಡ್ಕೋಬಹುದು. ಇನ್ನು ಇಂಧನ ಡಿಪೋ! ಅದರ ಮೇಲೆ ಹಾರಿದ್ರೆ ಪೆಟ್ರೋಲ್ ತುಂಬುತ್ತೆ, ಗುಂಡು ಹೊಡೆದ್ರೆ 80 ಪಾಯಿಂಟ್. ಅರ್ಧ ತುಂಬಿಸ್ಕೊಂಡು ಹೊರಡೋ ಹೊತ್ತಿಗೆ ಹೊಡೆಯೋದು, ಅದಕ್ಕೆ ಸ್ಪೀಡ್ ಇಳಿಸಿ ಮತ್ತೆ ಏರಿಸೋದು, ಬಟನ್ ಒಂದೇ ಒಂದಿದ್ರೂ ಎಷ್ಟೊಂದು ಯೋಚನೆ ಮಾಡ್ಬೇಕಾಗುತ್ತೆ.

ಅದೇ ವರ್ಷ ಬಂದ ಯಾರ್ಸ್ ರಿವೆಂಜಲ್ಲಿ ಪರದೆ ಮಧ್ಯ ಬಣ್ಣಬಣ್ಣದ ಒಂದು ಪಟ್ಟಿ ಮಿಂಚ್ತಾ ಇರುತ್ತೆ. ಅದಕ್ಕೆ ಬೇರೆ ಚಿತ್ರ ಇಡೋಕೆ ಜಾಗ ಇಲ್ಲ ಅಂತ ಹೊವರ್ಡ್ ಸ್ಕಾಟ್ ವಾರ್ಷಾ ಗೇಮಿನ ಕೋಡನ್ನೇ ಚಿತ್ರವಾಗಿ ತೋರಿಸಿಬಿಟ್ರು. ನೀವು ನೋಡ್ತಿರೋ ಆ ಚುಕ್ಕಿಗಳು ಆ ಗೇಮನ್ನ ಓಡಿಸ್ತಿರೋ ಬೈಟ್‌ಗಳೇ. ಇದನ್ನ ತಿಳ್ಕೊಂಡ ಮೇಲೆ ನಾನು ಆ ಗೇಮನ್ನ ನೋಡೋ ರೀತಿನೇ ಬೇರೆ ಆಗೋಯ್ತು.

ದಾವಣಗೆರೆ_8ಬಿಟ್

ಅಬ್ಬಾ, ಇಷ್ಟೊಂದು ಬರೀತೀರ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಓದಿದ ಮೇಲೆ ಗ್ರೇಡಿಯಸಲ್ಲಿ ಮೋಆಯ್ ಹತ್ರ ಸೇವ್ ಸ್ಟೇಟ್ (ಆಟದ ಆ ಕ್ಷಣ ಉಳಿಸಿಡೋದು) ಇಟ್ಟು ಎರಡೂ ಥರ ಆಡಿ ನೋಡ್ದೆ. ಓವರ್‌ಕ್ಲಾಕ್ ಹಾಕಿದಾಗ ಉಂಗುರಗಳು ಒಂದೇ ಸಮ ಸ್ಪೀಡಲ್ಲಿ ಬರ್ತವೆ, ನೋಡೋಕೆ ನಯವಾಗಿದೆ ನಿಜ, ಆದ್ರೆ ತಪ್ಪಿಸ್ಕೊಳ್ಳೋ ಸಂದು ಯೋಚಿಸೋಕೆ ಟೈಮೇ ಇಲ್ಲ. ಹಾಕದೇ ಆಡಿದಾಗ ಉಂಗುರ ದಟ್ಟ ಆದಷ್ಟೂ ಗೇಮ್ ನಿಧಾನ ಆಗಿ ಸಂದು ಹುಡುಕೋಕೆ ಬಿಡುತ್ತೆ. ಬೇಕಂತಲೇ ಮಾಡಿದಾರೆ ಅನ್ನೋ ಹಾಗಿದೆ. ಬೇರೆ ಗೇಮಲ್ಲೂ ಹೀಗೇನಾ? ಮತ್ತೆ ಹುಬ್ಬಳ್ಳಿ ಅಣ್ಣ ಹೇಳಿದ 50ರ ಸ್ಪೀಡನ್ನ ಎಮ್ಯುಲೇಟರಲ್ಲಿ ತರೋಕಾಗುತ್ತಾ?

ನಾಣ್ಯ_ಹಾಕಿ_ಆಡಿ

ಹೌದು, ದೊಡ್ಡ ಉದಾಹರಣೆ ಸೂಪರ್ ನಿಂಟೆಂಡೋದ ಗ್ರೇಡಿಯಸ್ 3. 1990ರ ಕೊನೇಲಿ ಜಪಾನಲ್ಲಿ ಬಂತು, ಸ್ಲೋ ಆಗೋದಕ್ಕೇ ಹೆಸರುವಾಸಿ. 2019ರಲ್ಲಿ ಬ್ರೆಜಿಲ್‌ನ ಒಬ್ಬ ಪ್ರೋಗ್ರಾಮರ್ ಅದಕ್ಕೆ ಎಸ್‌ಎ-1 ಅನ್ನೋ ಚಿಪ್ ಬಳಸೋ ಹಾಗೆ ಪ್ಯಾಚ್ (ಗೇಮ್ ಕೋಡಿನ ತಿದ್ದುಪಡಿ) ಬರೆದ್ರು, 10.74 ಮೆಗಾಹರ್ಟ್ಸಲ್ಲಿ ಓಡೋ ಚಿಪ್ಪು ಅದು, ಸೂಪರ್ ನಿಂಟೆಂಡೋ ಸಿಪಿಯು ತುತ್ತತುದಿಗೆ ಹೋದ್ರೂ 3.58. ಸ್ಲೋ ಆಗೋದು ನಿಂತುಹೋಯ್ತು, ಅದ್ಭುತವಾದ ಕೆಲಸ, ಆದ್ರೆ ಆಡಿದವರೆಲ್ಲ ಹೇಳಿದ್ದು ಗೇಮ್ ಇನ್ನೂ ಕಷ್ಟ ಆಯ್ತು ಅಂತ. ಮುಂದೆ ಕೇವ್ ಕಂಪನಿಯವ್ರು ಪರದೆ ತುಂಬಾ ಗುಂಡು ಸುರಿಸೋ ಗೇಮ್ ಮಾಡಿದಾಗ, 1997ರ ದೊದೊನ್‌ಪಾಚಿ ಥರದ್ದು, ಈ ನಿಧಾನವೂ ಆಟದ ಒಂದು ಭಾಗವೇ ಆಗೋಯ್ತು, ಗುಂಡು ದಟ್ಟವಾದಾಗ ನಿಧಾನ ಆಗಿ ನಡುವೆ ನುಸುಳೋಕೆ ದಾರಿ ಬಿಡ್ತವೆ.

ಅಂದಹಾಗೆ ಗ್ರೇಡಿಯಸ್ ಕಷ್ಟ ಅಂತ ಬೇಜಾರು ಮಾಡ್ಕೋಬೇಡಿ. ಅದನ್ನ ಎನ್‌ಇಎಸಿಗೆ ತಂದ ಕಝುಹಿಸಾ ಹಾಶಿಮೊಟೊಗೂ ಅದನ್ನ ಮುಗಿಸೋಕೆ ಆಗ್ತಿರ್ಲಿಲ್ಲ, ಟೆಸ್ಟ್ ಮಾಡೋಕೆ ಅಂತಲೇ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅಂತ ಬಟನ್ ಒತ್ತೋ ಗುಪ್ತ ಕೋಡ್ ಹಾಕಿದ್ದು. ಆಮೇಲೆ ಕಾಂಟ್ರಾದಲ್ಲಿ 30 ಜೀವಕ್ಕೆ ಬಂದದ್ದು ಅದೇ. ಗ್ರೇಡಿಯಸಲ್ಲಿ ಪಾಸ್ ಮಾಡಿ ಒತ್ತಿ ನೋಡಿ.

ಸ್ಕ್ಯಾನ್‌ಲೈನ್

50ರ ಸ್ಪೀಡ್ ತರಬಹುದು. ಮೆಸೆನಲ್ಲಿ ರೀಜನ್ ಅಂತ ಇದೆಯಲ್ಲ, ಅಲ್ಲಿ ಪಾಲ್ ಹಾಕ್ಬೇಡಿ, ಡೆಂಡಿ ಅಂತ ಇನ್ನೊಂದಿದೆ, ಅದನ್ನ ಹಾಕಿ. ಡೆಂಡಿ ರಷ್ಯಾದಲ್ಲಿ ಮಾರಿದ ಕ್ಲೋನ್ ಹೆಸರು. ಇಂಥ ಪಾಲ್ ಕ್ಲೋನ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ತೈವಾನಿನ ಯುಎಂಸಿ ಚಿಪ್, ನಮ್ಮ ಟಿವಿ ಗೇಮಿಗೂ ಹತ್ತಿರದ್ದು ಅದೇ. ನಿಂಟೆಂಡೋದ ಅಸಲಿ ಪಾಲ್ ಮಿಷನ್ನಲ್ಲಿ ಸಿಪಿಯು 1.66 ಮೆಗಾಹರ್ಟ್ಸಿಗೆ ಇಳಿದಿತ್ತು, ಹಾಗಾಗಿ ಹಾಡು ನಿಧಾನ ಆಗೋದರ ಜೊತೆ ಶ್ರುತಿನೂ ಇಳೀತಿತ್ತು. ಕ್ಲೋನ್ ಚಿಪ್ಪಲ್ಲಿ 1.77, ಶ್ರುತಿ ಹೆಚ್ಚುಕಮ್ಮಿ ಸರಿ, ತಾಳ ಮಾತ್ರ ನಿಧಾನ.

ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಕ್ಲೋನಲ್ಲಿ ಸಿಪಿಯು ಸ್ಪೀಡ್ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಸೆಕೆಂಡಿಗೆ 60ರ ಬದಲು 50 ಫ್ರೇಮ್ ಅಂದ್ಮೇಲೆ ಒಂದೊಂದು ಫ್ರೇಮಿಗೂ ಸಮಯ ಜಾಸ್ತಿ ಸಿಗುತ್ತೆ, 29,780 ಇದ್ದದ್ದು 35,464 ಸೈಕಲ್. ಆ ಹೆಚ್ಚುವರಿ ಸಮಯ ಸಿಗೋದು ಪರದೆ ಬರೆದು ಮುಗಿದ ಮೇಲೆ, ಮುಂದಿನ ಫ್ರೇಮಿನ ಸಿಗ್ನಲ್ ಬರೋಕೆ ಮುಂಚೆ, 50 ಖಾಲಿ ಗೆರೆಗಳ ರೂಪದಲ್ಲಿ. ಈಗ ಮೆಸೆನಿನ ಓವರ್‌ಕ್ಲಾಕ್ ಟ್ಯಾಬ್ ತೆಗೆದು ನೋಡಿ, ಅದು ಮಾಡೋದೂ ಇದನ್ನೇ, ಅದೇ ಜಾಗದಲ್ಲಿ ಖಾಲಿ ಗೆರೆ ಸೇರಿಸೋದು. ಅಂದ್ರೆ ಆ ಕ್ಲೋನ್‌ಗಳಲ್ಲಿ ಗೇಮ್ ಒಟ್ಟಾರೆ ನಿಧಾನ ಓಡ್ತಿತ್ತು, ಆದ್ರೆ ಗಲಾಟೆ ಜಾಗದಲ್ಲಿ ಫ್ರೇಮ್ ತಪ್ಪೋದು ಅಸಲಿ ಎನ್‌ಇಎಸಿಗಿಂತ ಕಮ್ಮಿ. ಎಂಟು ಸ್ಪ್ರೈಟಿನ ಮಿತಿ ಮಾತ್ರ ಹಾಗೇ ಇತ್ತು, ಮಿಣುಕೋದು ಅಲ್ಲೂ ಇತ್ತು.

ಹಾಗಾಗಿ ಕಾಂಟ್ರಾನ ಡೆಂಡಿ ಮೋಡಲ್ಲಿ ಆಡಿ, ಕೈಗೆ ತಕ್ಷಣ ಗೊತ್ತಾಗುತ್ತೆ. ಗ್ರೇಡಿಯಸನ್ನ ಎನ್‌ಟಿಎಸ್‌ಸಿಯಲ್ಲೇ ಆಡಿ, ಅದರ ಜ್ವಾಲಾಮುಖಿ, ಮೋಆಯ್ ಎಲ್ಲಾ ಆ ಅಳತೆಗೇ ಕೂಡಿಸಿರೋದು. ಮೋಡ್ ಬದಲಾಯಿಸಿದ ಮೇಲೆ ಒಂದು ಸಲ ರೀಸೆಟ್ ಮಾಡಿ ಮೊದಲಿಂದ ಶುರು ಮಾಡಿ, ಹಳೇ ಸೇವ್ ಸ್ಟೇಟ್ ಲೋಡ್ ಮಾಡ್ಬೇಡಿ.